ಬಂಡೆ ಹತ್ತುವಾಗ ಮುಂದಿನ ಬಲ ಚಕ್ರ ಗಾಳಿಯಲ್ಲಿ: ಶಾಕ್ ಸೆಟ್ಟಿಂಗ್ ಎಲ್ಲಿ ತಪ್ಪಿದೆ?

ಹಾಸುಬಂಡೆ

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೀನಿ, ದಯವಿಟ್ಟು ಸಹಾಯ ಮಾಡಿ.

ನನ್ನದು 1/10 ಅಳತೆಯ ಆರ್‌ಸಿ ಕ್ರಾಲರ್, ಅಂದರೆ ರಿಮೋಟ್‌ನಲ್ಲಿ ಬಂಡೆ ಹತ್ತಿಸುವ ಪುಟ್ಟ ಗಾಡಿ. ವೀಲ್‌ಬೇಸ್ (ಮುಂದಿನ ಹಿಂದಿನ ಆಕ್ಸಲ್ ನಡುವಿನ ದೂರ) 313 ಮಿಮೀ. ಆಕ್ಸಲ್ಲನ್ನು ಚಾಸಿಸ್ಸಿಗೆ ಜೋಡಿಸುವ ಲಿಂಕ್‌ಗಳು ಹಿಂದೆ ನಾಲ್ಕು, ಮುಂದೆ ಆಕ್ಸಲ್ ಪಕ್ಕಕ್ಕೆ ಸರಿಯದ ಹಾಗೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್, ಸ್ಟಿಯರಿಂಗ್ ತಿರುಗಿಸುವ ಸರ್ವೋ ಚಾಸಿಸ್ ಮೇಲೆ. ಎರಡೂ ಆಕ್ಸಲ್ ಲಾಕ್ ಆಗಿವೆ, ಎಡಬಲ ಚಕ್ರ ಒಟ್ಟಿಗೇ ತಿರುಗುತ್ತವೆ.

ಕನಕಪುರ ರಸ್ತೆ ಕಡೆ ನಮ್ಮ ಮಾವನ ತೋಟದ ಹಿಂದೆ ಒಂದು ದೊಡ್ಡ ಹಾಸುಬಂಡೆ ಇದೆ. ಅದರ ಒಂದು ಮಗ್ಗುಲಲ್ಲಿ ಸುಮಾರು 45 ಡಿಗ್ರಿ ಏರು. ನಡುವೆ ಬಲಗಡೆ ಒಂದು ತಗ್ಗು, ಅಂಗೈ ಅಗಲದ್ದು. ಮುಂದಿನ ಬಲ ಚಕ್ರ ಆ ತಗ್ಗಿಗೆ ಇಳಿಯಲೇಬೇಕು, ಇಳಿದರೆ ಮಾತ್ರ ಎಡ ಚಕ್ರ ಮೇಲಿನ ಅಂಚು ಹಿಡಿಯುತ್ತದೆ. ನನ್ನ ಗಾಡಿಯಲ್ಲಿ ಆ ಚಕ್ರ ಇಳಿಯುವುದೇ ಇಲ್ಲ. ತಗ್ಗಿನ ಮೇಲೆ ಗಾಳಿಯಲ್ಲೇ ತಿರುಗುತ್ತದೆ. ಗಾಡಿ ಎರಡು ಸಲ ಓಲಾಡಿ ಹಿಂದಕ್ಕೆ ಮಗುಚುತ್ತದೆ.

ಇದುವರೆಗೆ ಮಾಡಿದ್ದು: ಗಾಡಿ ವಾಲಬಾರದು ಅಂತ ಗಟ್ಟಿ ಸ್ಪ್ರಿಂಗ್ ಹಾಕಿದೆ. ಶಾಕ್ ಎಣ್ಣೆ 30 ವೆಯ್ಟ್ (ಎಣ್ಣೆಯ ದಪ್ಪದ ಅಳತೆ) ಇದ್ದದ್ದನ್ನು 60 ಮಾಡಿದೆ. ಹಿಂದಿನ ಆಕ್ಸಲ್ಲಿಗೆ ಹಿತ್ತಾಳೆ ತೂಕ ಹಾಕಿದೆ. ಮೊದಲು ಥ್ರಾಟಲ್ ಕೊಟ್ಟ ಕೂಡಲೇ ಚಾಸಿಸ್ ಬಲಕ್ಕೆ ವಾಲಿ ಮುಂದಿನ ಎಡ ಚಕ್ರ ಎದ್ದೇಳುತ್ತಿತ್ತು. ಅದಕ್ಕೆ ಹಿಂದಿನ ಬಲ ಶಾಕ್‌ನ ಕಾಲರ್ (ಸ್ಪ್ರಿಂಗ್ ಮೇಲೆ ಕೂರುವ ತಿರುಗಿಸುವ ಬಳೆ) 4 ಮಿಮೀ ಕೆಳಗೆ ತಿರುಗಿಸಿದೆ. ಎಡ ಚಕ್ರ ಸರಿಹೋಯಿತು, ಈಗ ಬಲ ಚಕ್ರ ಎದ್ದಿದೆ.

ಮೋಟರ್, ಟೈರ್ ಎಲ್ಲಾ ಚೆನ್ನಾಗಿವೆ. ನನಗೆ ಈ ಏರು ಹತ್ತಲೇಬೇಕು.

ಕೋಲಾರ_ಕಲ್ಲು

ಅಣ್ಣ, ನನಗೂ ಅಂತರಗಂಗೆ ಕಡೆಯ ಗುಂಡುಗಳ ಮೇಲೆ ಹೀಗೇ ಆಗಿತ್ತು. ಎಣ್ಣೆ ಇನ್ನೂ ದಪ್ಪ ಮಾಡಿ ನೋಡಿ, 80 ಹಾಕಿ. ಗಾಡಿ ಓಲಾಡುವುದು ನಿಲ್ಲುತ್ತದೆ.

ಎಣ್ಣೆಶಾಕ್

ಕೋಲಾರದವರೇ, ಇಲ್ಲಿ ನಾನು ಒಪ್ಪುವುದಿಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಒಂದು ವಿಷಯ ಗೊತ್ತಾಗದೆ ನಾನೇ ಒಂದು ವರ್ಷ ಸುಮ್ನೆ ಎಣ್ಣೆ ಬದಲಿಸುತ್ತಾ ಕೂತಿದ್ದೆ.

ಎಣ್ಣೆ ತಡೆಯುವುದು ವೇಗವನ್ನು. ಸ್ಪ್ರಿಂಗ್ ಹೊರುವುದು ಭಾರವನ್ನು. ಶಾಕ್ ಒಳಗೆ ಪಿಸ್ಟನ್ ಓಡಾಡುವಾಗ ಮಾತ್ರ ಎಣ್ಣೆ ಅದರ ತೂತುಗಳಲ್ಲಿ ನುಗ್ಗಬೇಕು, ಆಗ ಮಾತ್ರ ತಡೆ ಹುಟ್ಟುತ್ತದೆ. ಪಿಸ್ಟನ್ ನಿಂತರೆ ಎಣ್ಣೆಗೆ ಕೆಲಸವೇ ಇಲ್ಲ. ನಿಮ್ಮ ಗಾಡಿ 45 ಡಿಗ್ರಿ ಏರಿನಲ್ಲಿ ಆಮೆಯ ಹಾಗೆ ಹೋಗುತ್ತಿರುತ್ತದೆ. ಅಲ್ಲಿ 80 ವೆಯ್ಟ್ ಹಾಕಿದರೂ ವಾಲುವಷ್ಟು ವಾಲಿಯೇ ವಾಲುತ್ತದೆ, ಸ್ವಲ್ಪ ತಡವಾಗಿ ವಾಲುತ್ತದೆ ಅಷ್ಟೆ. ಜೊತೆಗೆ ಚಕ್ರ ತಗ್ಗಿಗೆ ಇಳಿಯುವುದೂ ತಡ. ಆ ತಡದಲ್ಲೇ ಗಾಡಿ ಮಗುಚುತ್ತದೆ.

ಹಾಸುಬಂಡೆ ಅವರೇ, ಇನ್ನೇನೂ ಬದಲಿಸಬೇಡಿ. ಮೊದಲು ಅಳೆಯಿರಿ. ಅಡುಗೆಮನೆಯ ತೂಕದ ಯಂತ್ರ ಒಂದಿದ್ದರೆ ಸಾಕು. ಒಂದು ಚಕ್ರದ ಕೆಳಗೆ ಯಂತ್ರ, ಉಳಿದ ಮೂರರ ಕೆಳಗೆ ಅಷ್ಟೇ ಎತ್ತರದ ಪುಸ್ತಕ ಅಥವಾ ಹಲಗೆ. ಬ್ಯಾಟರಿ, ಬಾಡಿ ಎಲ್ಲಾ ಹಾಕಿ ನಾಲ್ಕೂ ಚಕ್ರದ ತೂಕ ಬರೆದುಕೊಳ್ಳಿ. ಪ್ರತಿ ಸಲ ಗಾಡಿಯನ್ನು ಒಮ್ಮೆ ಒತ್ತಿ ಬಿಟ್ಟು ಆಮೇಲೆ ಓದಿ.

ಆಮೇಲೆ ಶಾಕ್‌ನ ಪೂರ್ತಿ ಓಟ ಎಷ್ಟು, ಗಾಡಿ ತನ್ನ ಭಾರಕ್ಕೆ ಅದರಲ್ಲಿ ಎಷ್ಟು ಕುಸಿದು ನಿಂತಿದೆ ನೋಡಿ. ಈ ಕುಸಿತಕ್ಕೇ ಸ್ಯಾಗ್ ಅನ್ನುವುದು. ಚಕ್ರ ತಗ್ಗಿಗೆ ಇಳಿಯುವುದು ಈ ಕುಸಿತದ ಲೆಕ್ಕದಲ್ಲೇ. ಸ್ಯಾಗ್ 5 ಮಿಮೀ ಇದ್ದರೆ ಸ್ಪ್ರಿಂಗ್ ಚಕ್ರವನ್ನು ಕೆಳಕ್ಕೆ ತಳ್ಳುವುದು ಆ 5 ಮಿಮೀ ತನಕ ಮಾತ್ರ.

ಕೊನೆಗೆ ನಾಲ್ಕೂ ಶಾಕ್ ಕಳಚಿ ಆಕ್ಸಲ್‌ಗಳನ್ನು ಕೈಯಲ್ಲಿ ಆಡಿಸಿ. ಒಂದು ಬೆರಳಿನಿಂದ ಎತ್ತಿ ಬಿಟ್ಟರೆ ತನ್ನ ಭಾರಕ್ಕೇ ದೊಪ್ಪನೆ ಬೀಳಬೇಕು. ಎಲ್ಲಾದರೂ ಹಿಡಿದುಕೊಂಡರೆ ಸ್ಪ್ರಿಂಗ್ ಬಗ್ಗೆ ಮಾತಾಡುವುದಕ್ಕೆ ಅರ್ಥವೇ ಇಲ್ಲ.

ಮಂಡ್ಯ_ಗಾಡಿ

ಅಳೆಯಿರಿ ಅಂದದ್ದು ಸರಿಯಾದ ಮಾತು. ಇನ್ನೊಂದು ಸೇರಿಸುತ್ತೇನೆ. ಮುಂದಿನ ಎರಡು ಟೈರಿಗೂ ಸೀಮೆಸುಣ್ಣ ಚೆನ್ನಾಗಿ ತಿಕ್ಕಿ ಏರು ಹತ್ತಿಸಿ. ಟೈರ್ ಎಲ್ಲಿ ಕಲ್ಲು ಮುಟ್ಟಿತು, ಎಲ್ಲಿ ಮುಟ್ಟಲಿಲ್ಲ ಅಂತ ಬಂಡೆಯೇ ಹೇಳುತ್ತದೆ. ಕಣ್ಣಿಗಿಂತ ಅದನ್ನು ನಂಬಬಹುದು. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ.

ಹಾಸುಬಂಡೆ

ಎಲ್ಲಾ ಅಳೆದೆ. ಬರೆಯುತ್ತಿದ್ದೀನಿ ನೋಡಿ.

ಮುಂದಿನ ಎಡ 690 ಗ್ರಾಂ, ಮುಂದಿನ ಬಲ 640. ಹಿಂದಿನ ಎಡ 745, ಹಿಂದಿನ ಬಲ 785. ಒಟ್ಟು 2860. ಶಾಕ್ ಓಟ 30 ಮಿಮೀ, ಮುಂದೆ ಸ್ಯಾಗ್ 5 ಮಿಮೀ ಮಾತ್ರ. ಸ್ಪ್ರಿಂಗನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ 10 ಮಿಮೀ ಒತ್ತಿದೆ, 450 ಗ್ರಾಂ ತೋರಿಸಿತು.

ಶಾಕ್ ಕಳಚಿದಾಗ ಒಂದು ವಿಷಯ ಗೊತ್ತಾಯಿತು. ಮುಂದಿನ ಆಕ್ಸಲ್ ಸಲೀಸಾಗಿ ಬಿತ್ತು. ಹಿಂದಿನದು ಅರ್ಧಕ್ಕೆ ನಿಂತು, ತಟ್ಟಿದ ಮೇಲೆ ಇಳಿಯಿತು. ಒಂದೊಂದೇ ಲಿಂಕ್ ಬಿಚ್ಚುತ್ತಾ ಹೋದೆ. ಹಿಂದಿನ ಮೇಲಿನ ಎಡ ಲಿಂಕ್‌ನ ರಾಡ್ ಎಂಡ್‌ನಲ್ಲಿ, ಅಂದರೆ ತುದಿಯ ಕೀಲಿನಲ್ಲಿ, ಗುಂಡು ತಿರುಗುತ್ತಲೇ ಇಲ್ಲ. ಹೊರಗೆ ತೆಗೆದರೆ ಒಳಗೆ ಬೂದಿ ಬಣ್ಣದ ಹುಡಿ, ಗಟ್ಟಿಯಾಗಿ ಮೆತ್ತಿಕೊಂಡಿದೆ. ಬಂಡೆ ಹುಡಿಯೇ ಅದು. ನಾನು ಮೊದಲೊಮ್ಮೆ ಅದಕ್ಕೆ ಗ್ರೀಸ್ ಹಚ್ಚಿದ್ದೆ, ಗ್ರೀಸಿಗೆ ಹುಡಿ ಹಿಡಿದು ಸಾಣೆಕಲ್ಲಿನ ಹಾಗಾಗಿದೆ. ಹಳೆ ಹಲ್ಲುಜ್ಜುವ ಬ್ರಷ್, ಸೋಪಿನ ನೀರು ಹಾಕಿ ತೊಳೆದು ಒಣಗಿಸಿ ಒಣಗಾಗೇ ಹಾಕಿದೆ. ಈಗ ದೊಪ್ಪನೆ ಬೀಳುತ್ತದೆ.

ಸೀಮೆಸುಣ್ಣದ ಪರೀಕ್ಷೆಯನ್ನೂ ಮಾಡಿದೆ. ತಗ್ಗಿನ ಈಚೆ ಅಂಚಿನಲ್ಲಿ ಬಿಳಿ ಗುರುತು, ಆಚೆ ಅಂಚಿನಲ್ಲಿ ಬಿಳಿ ಗುರುತು. ತಗ್ಗಿನೊಳಗೆ ಒಂದು ಚುಕ್ಕೆಯೂ ಇಲ್ಲ.

ಮಂಡ್ಯ_ಗಾಡಿ

ಅಂಕಿ ನೋಡಿ ಎರಡು ಕಾಯಿಲೆ ಕಂಡವು.

ಮೊದಲನೆಯದು ಕುಂಟು. ಎಡಗಡೆ ಒಟ್ಟು 1435, ಬಲಗಡೆ 1425. ಇದನ್ನಷ್ಟೇ ನೋಡಿದರೆ ಗಾಡಿ ಸಮವಾಗಿದೆ ಅನ್ನಿಸುತ್ತದೆ. ಆದರೆ ಮೂಲೆಯಿಂದ ಮೂಲೆಗೆ ಕೂಡಿಸಿ. ಮುಂದಿನ ಎಡ, ಹಿಂದಿನ ಬಲ ಸೇರಿ 1475. ಇನ್ನೊಂದು ಜೋಡಿ 1385. 90 ಗ್ರಾಂ ವ್ಯತ್ಯಾಸ. ಒಂದು ಕಾಲು ಉದ್ದ ಇರುವ ಮಂಚ ಇದು. ಎರಡು ಮೂಲೆ ಭಾರ ಹೊರುತ್ತವೆ, ಉಳಿದೆರಡು ನೆಪಕ್ಕೆ ನಿಂತಿರುತ್ತವೆ. ನೀವು ಹಿಂದಿನ ಬಲ ಕಾಲರ್ ತಿರುಗಿಸಿದಿರಲ್ಲ, ಆ ಮಂಚದ ಕಾಲು ಉದ್ದ ಮಾಡಿದ್ದು ಅದೇ. ಹಿಂದಿನ ಬಲ ಎತ್ತಿದರೆ ಎದುರು ಮೂಲೆ, ಅಂದರೆ ಮುಂದಿನ ಎಡಕ್ಕೆ ಭಾರ ಬೀಳುತ್ತದೆ. ಮುಂದಿನ ಬಲ ಹಗುರಾಗುತ್ತದೆ. ನಿಮ್ಮ ತಗ್ಗು ಇರುವುದೂ ಅದೇ ಕಡೆ.

ಎರಡನೆಯದು ಹಿಂಭಾರ. ನಮ್ಮ ತಂದೆ ಎತ್ತಿನ ಗಾಡಿಗೆ ಹುಲ್ಲು ಹೇರುವಾಗ ಮುಂಭಾರ ಹಿಂಭಾರ ನೋಡದೆ ಹಗ್ಗ ಬಿಗಿಯುತ್ತಿರಲಿಲ್ಲ. ಹಿಂಭಾರ ಆದರೆ ಏರಿನಲ್ಲಿ ಮೂಕಿ ಮೇಲೇಳುತ್ತದೆ, ನೊಗ ಎತ್ತುಗಳ ಕುತ್ತಿಗೆ ಬಿಟ್ಟು ಮೇಲಕ್ಕೆ ಹೋಗುತ್ತದೆ. ನಿಮ್ಮ ಗಾಡಿಯಲ್ಲಿ ಮುಂದೆ 1330, ಹಿಂದೆ 1530. ಸಮ ನೆಲದಲ್ಲೇ ಹಿಂಭಾರ. ಏರಿನಲ್ಲಿ ಮೂಕಿ ಏಳದೆ ಇನ್ನೇನಾಗುತ್ತದೆ?

ಎಣ್ಣೆಶಾಕ್

ಮಂಡ್ಯದವರು ಸರಿಯಾಗಿ ಹಿಡಿದಿದ್ದಾರೆ. ಮೂಲೆ ಲೆಕ್ಕ ನನಗೂ ಮೊದಲು ಹೊಳೆಯಲಿಲ್ಲ. ನಾನು ಏರಿನ ಲೆಕ್ಕ ಹಾಕಿ ತೋರಿಸುತ್ತೇನೆ.

ಹಾಸುಬಂಡೆ ಅವರೇ, ಗಾಡಿಯನ್ನು ಒಂದು ಹಲಗೆ ಮೇಲೆ ಅಡ್ಡ ನಿಲ್ಲಿಸಿ, ಹಲಗೆಯ ಒಂದು ಬದಿ ಮೆಲ್ಲಗೆ ಎತ್ತುತ್ತಾ ಹೋಗಿ. ಕೆಳಗಿನ ಟೈರ್ ಜಾರದ ಹಾಗೆ ಸಣ್ಣ ಪಟ್ಟಿ ಹೊಡೆಯಿರಿ. ಮಗುಚುವ ಕ್ಷಣದಲ್ಲಿ ಹಲಗೆ ಎಷ್ಟು ಡಿಗ್ರಿ ಅಂತ ಮೊಬೈಲ್‌ನಲ್ಲಿ ನೋಡಿ. ಗಾಡಿಯ ಅರ್ಧ ಅಗಲವನ್ನು ಆ ಕೋನದ ಟ್ಯಾನ್‌ನಿಂದ ಭಾಗಿಸಿದರೆ ಭಾರದ ಕೇಂದ್ರ ನೆಲದಿಂದ ಎಷ್ಟು ಎತ್ತರ ಅಂತ ಹತ್ತಿರಹತ್ತಿರ ಸಿಗುತ್ತದೆ.

ಹಾಸುಬಂಡೆ

ಮಾಡಿದೆ. ಟೈರ್ ಹೊರ ಅಂಚಿನಿಂದ ಅಂಚಿಗೆ 230 ಮಿಮೀ. 50 ಡಿಗ್ರಿಯಲ್ಲಿ ಮಗುಚಿತು. 115ನ್ನು 1.19ರಿಂದ ಭಾಗಿಸಿದರೆ ಸುಮಾರು 96 ಮಿಮೀ ಬರುತ್ತದೆ.

ಎಣ್ಣೆಶಾಕ್

ಸರಿ. ಈಗ ನೋಡಿ. ಏರು ಜಾಸ್ತಿ ಆದ ಹಾಗೆ ಮುಂದಿನ ಭಾರ ಹಿಂದಕ್ಕೆ ಸರಿಯುತ್ತದೆ. ಎಷ್ಟು ಸರಿಯುತ್ತದೆ ಅಂದರೆ, ಕೇಂದ್ರದ ಎತ್ತರವನ್ನು ವೀಲ್‌ಬೇಸ್‌ನಿಂದ ಭಾಗಿಸಿ ಏರಿನ ಟ್ಯಾನ್‌ನಿಂದ ಗುಣಿಸಿದಷ್ಟು. 45 ಡಿಗ್ರಿಗೆ ಟ್ಯಾನ್ 1. 96ನ್ನು 313ರಿಂದ ಭಾಗಿಸಿದರೆ 0.31. ಅಂದರೆ ನೂರರಲ್ಲಿ 31 ಭಾಗ ಹಿಂದಕ್ಕೆ ಹೋಯಿತು.

ನಿಮ್ಮ ಮುಂಭಾಗದಲ್ಲಿ ಇರುವುದೇ 46.5 ಭಾಗ. 31 ಹೋದರೆ ಉಳಿದದ್ದು 16ರ ಹತ್ತಿರ. ಅದನ್ನು ಎರಡು ಚಕ್ರ ಹಂಚಿಕೊಳ್ಳಬೇಕು. ಅದರಲ್ಲೂ ಬಲಕ್ಕೆ ಕಡಿಮೆ. ಆ ಚಕ್ರಕ್ಕೆ ಕಲ್ಲನ್ನು ಒತ್ತಿ ಹಿಡಿಯುವ ಶಕ್ತಿ ಎಲ್ಲಿಂದ ಬರಬೇಕು ಹೇಳಿ.

ಹಿಂದಕ್ಕೆ ಮಗುಚುವ ಕೋನವನ್ನೂ ಹೀಗೇ ತೆಗೆಯಬಹುದು. ಭಾರದ ಕೇಂದ್ರ ಹಿಂದಿನ ಆಕ್ಸಲ್‌ನಿಂದ 145 ಮಿಮೀ ಮುಂದೆ, 96 ಮಿಮೀ ಎತ್ತರ. 56 ಡಿಗ್ರಿಗೆ ಗಾಡಿ ನಿಂತಲ್ಲೇ ಹಿಂದಕ್ಕೆ ಬೀಳುತ್ತದೆ. ನಿಮ್ಮ ಏರು 45, ಎಡ ಚಕ್ರ ಅಂಚು ಹತ್ತುವಾಗ ಚಾಸಿಸ್ ಇನ್ನೂ ಹತ್ತು ಡಿಗ್ರಿ ಎದ್ದರೆ ಮುಗಿಯಿತು.

ಥ್ರಾಟಲ್ ಕೊಟ್ಟಾಗ ಚಾಸಿಸ್ ಬಲಕ್ಕೆ ತಿರುಚುವುದರ ಬಗ್ಗೆಯೂ ಹೇಳಬೇಕು. ಅದಕ್ಕೆ ಟಾರ್ಕ್ ಟ್ವಿಸ್ಟ್ ಅನ್ನುತ್ತಾರೆ. ಗೇರ್‌ಬಾಕ್ಸ್ ಆಕ್ಸಲ್ಲಿಗೆ ಹೋಗುವ ಶಾಫ್ಟನ್ನು ಒಂದು ದಿಕ್ಕಿಗೆ ತಿರುಗಿಸಿದರೆ, ಶಾಫ್ಟ್ ಚಾಸಿಸ್ಸನ್ನು ಎದುರು ದಿಕ್ಕಿಗೆ ತಿರುಚುತ್ತದೆ. ಒದ್ದೆ ಬಟ್ಟೆ ಹಿಂಡುವಾಗ ಎರಡು ಕೈ ಎರಡು ಕಡೆ ತಿರುಗುವುದಿಲ್ವಾ, ಹಾಗೆ. ಶಾಫ್ಟ್ ಮೇಲಿನ ಬಲ ಕಡಿಮೆಯಾದರೆ ತಿರುಚೂ ಕಡಿಮೆ. 2017ರಲ್ಲಿ ಬಂದ ಟ್ರಾಕ್ಸಸ್ ಟಿಆರ್‌ಎಕ್ಸ್-4ನಂಥ ಪೋರ್ಟಲ್ ಆಕ್ಸಲ್ ಗಾಡಿಗಳಲ್ಲಿ ಇದು ಕಡಿಮೆ ಕಾಣುವುದು ಅದಕ್ಕೇ. ಅಲ್ಲಿ ಚಕ್ರದ ಹತ್ತಿರವೇ ಇನ್ನೊಂದು ಜೋಡಿ ಗೇರ್ ಇದೆ. ಅಷ್ಟು ಬಲ ಅಲ್ಲೇ ಹುಟ್ಟುತ್ತದೆ, ಶಾಫ್ಟ್ ಅದನ್ನು ಹೊರಬೇಕಾಗಿಲ್ಲ.

ನಿಮ್ಮದರಲ್ಲಿ ಪೋರ್ಟಲ್ ಇಲ್ಲ, ತಿರುಚು ಸ್ವಲ್ಪ ಇದ್ದೇ ಇರುತ್ತದೆ. ಅದನ್ನು ಒಂದೇ ಮೂಲೆಯ ಕಾಲರ್‌ನಿಂದ ಮುಚ್ಚಿದರೆ ಥ್ರಾಟಲ್ ಇರುವಾಗ ಸರಿ, ಥ್ರಾಟಲ್ ಬಿಟ್ಟ ಕೂಡಲೇ ಕುಂಟು. ಬಂಡೆ ಮೇಲೆ ಅರ್ಧ ಹೊತ್ತು ಥ್ರಾಟಲ್ ಬಿಟ್ಟೇ ಇರುತ್ತೀವಿ ಅಲ್ವಾ. ಕಾಲರ್‌ಗಳನ್ನು ಎಡಬಲ ಸಮ ಮಾಡಿ. ಹಿಂದಿನ ಎರಡೂ ಸ್ಪ್ರಿಂಗ್ ಮುಂದಿನದಕ್ಕಿಂತ ಒಂದು ಮೆಟ್ಟಿಲು ಗಟ್ಟಿ ಇರಲಿ. ತಿರುಚನ್ನು ಹಿಂದಿನ ಆಕ್ಸಲ್ ಹೊರಲಿ, ಮುಂದಿನದು ಬಿಡುಬೀಸಾಗಿ ನೆಲ ಹುಡುಕಲಿ.

ಇನ್ನೊಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಕಾಲರ್ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. 10 ಮಿಮೀಗೆ 450 ಗ್ರಾಂ ಕೇಳುವ ಸ್ಪ್ರಿಂಗ್ ಕಾಲರ್ ಎಲ್ಲಿದ್ದರೂ ಅಷ್ಟೇ ಕೇಳುತ್ತದೆ. ಬದಲಾಗುವುದು ಗಾಡಿ ನಿಲ್ಲುವ ಎತ್ತರ ಮಾತ್ರ.

ಕೋಲಾರ_ಕಲ್ಲು

80 ವೆಯ್ಟ್ ಹಾಕಿ ಅಂದದ್ದು ತಪ್ಪಾಯಿತು, ಒಪ್ಪಿಕೊಳ್ಳುತ್ತೇನೆ. ರಾತ್ರಿ ನನ್ನ ಗಾಡಿಯ ತೂಕವನ್ನೂ ನೋಡಿದೆ. ಅಲ್ಲೂ ಮೂಲೆ ಲೆಕ್ಕದಲ್ಲಿ 60 ಗ್ರಾಂ ಕುಂಟು.

ಶಾಕ್ ಎಷ್ಟು ಓರೆ ನಿಂತಿದೆ ಅನ್ನುವುದನ್ನೂ ನೋಡಬೇಕು. ಇದು ನನಗೆ ಚೆನ್ನಾಗಿ ಗೊತ್ತಿರುವ ವಿಷಯ, ಮಾಡಿ ನೋಡಿದ್ದೇನೆ. ಶಾಕ್ ನೆಟ್ಟಗಿದ್ದರೆ ಸ್ಪ್ರಿಂಗಿನ ಪೂರ್ತಿ ಗಟ್ಟಿತನ ಆಕ್ಸಲ್ಲಿಗೆ. 30 ಡಿಗ್ರಿ ಓರೆಯಾದರೆ ಮುಕ್ಕಾಲು ಭಾಗ. 45 ಆದರೆ ಅರ್ಧ. ಹೊಸ ಸ್ಪ್ರಿಂಗ್ ಕೊಳ್ಳುವ ಮೊದಲು ಶಾಕ್‌ನ ಮೇಲಿನ ತುದಿಯನ್ನು ಇನ್ನೊಂದು ತೂತಿಗೆ ಹಾಕಿ ನೋಡಿ, ದುಡ್ಡು ಉಳಿಯುತ್ತದೆ. ಆದರೆ ಜಾಸ್ತಿ ಓರೆ ಮಾಡಿದರೆ, ಒತ್ತಿದಷ್ಟೂ ಶಾಕ್ ಇನ್ನಷ್ಟು ಮಲಗುತ್ತದೆ, ಒತ್ತಿದಷ್ಟೂ ಮೆತ್ತಗಾಗುತ್ತದೆ. ಅಡ್ಡ ಇಳಿಜಾರಿನಲ್ಲಿ ಗಾಡಿ ಒಮ್ಮೆ ವಾಲಲು ಶುರುವಾದರೆ ನಿಲ್ಲುವುದಿಲ್ಲ.

ಪುಟ್ಟಗಾಡಿ_24

ಎಲ್ಲರೂ ದೊಡ್ಡ ಗಾಡಿ ಬಗ್ಗೆ ಮಾತಾಡುತ್ತಿದ್ದೀರಿ, ನಡುವೆ ಒಂದು ಪ್ರಶ್ನೆ. ಮಗನಿಗೆ ಅಂತ 1/24 ಅಳತೆಯದು ತಂದೆವು, ಈಗ ನಾನೇ ಜಾಸ್ತಿ ಓಡಿಸುತ್ತೇನೆ. ಮನೆ ಮುಂದಿನ ಜಲ್ಲಿ ರಾಶಿಯೇ ನಮ್ಮ ಬೆಟ್ಟ. ಇದರ ಶಾಕ್ ಒಳಗೆ ಎಣ್ಣೆಯೇ ಇಲ್ಲ. ಒತ್ತಿದರೆ ಒತ್ತಿದಲ್ಲೇ ಅರ್ಧ ನಿಲ್ಲುತ್ತದೆ. ಎಣ್ಣೆ ಹಾಕಬಹುದಾ?

ಎಣ್ಣೆಶಾಕ್

ಮೇಡಂ, ಆ ಅಳತೆಯ ಹಲವು ಗಾಡಿಗಳಲ್ಲಿ ಪ್ಲಾಸ್ಟಿಕ್ ಉಜ್ಜಾಟವೇ ತಡೆ. ಸೀಲ್ ಇಲ್ಲದ ಶಾಕ್‌ಗೆ ಎಣ್ಣೆ ತುಂಬಿದರೆ ಸೋರಿ ಹೋಗುತ್ತದೆ, ಹುಡಿಯೂ ಅಂಟುತ್ತದೆ. ಶಾಕ್‌ನ ಕಡ್ಡಿಗೆ ಒಂದು ಹನಿ ಸಿಲಿಕಾನ್ ಎಣ್ಣೆ ಸವರಿ ಒರೆಸಿಬಿಡಿ, ಸಾಕು. ಅಂಥ ಗಾಡಿಗೆ ಮೊದಲ ಮದ್ದು ತೂಕ. ಮುಂದಿನ ಚಕ್ರದೊಳಗೆ ಹಿತ್ತಾಳೆ ರಿಂಗ್ ಹಾಕಿದರೆ ಭಾರ ಆಕ್ಸಲ್ ಮಟ್ಟದಲ್ಲೇ ಕೂರುತ್ತದೆ, ಆ ಭಾರಕ್ಕೆ ಚಕ್ರ ತಾನೇ ಇಳಿಯುತ್ತದೆ.

ಪುಟ್ಟಗಾಡಿ_24

ತುಂಬಾ ಥ್ಯಾಂಕ್ಸ್ ಸರ್. ಮಗ ಸೀಮೆಸುಣ್ಣದ ಪರೀಕ್ಷೆ ಆಗಲೇ ಶುರು ಮಾಡಿದ್ದಾನೆ.

ಮೊಆಬ್_ಕನ್ನಡಿಗ

ನಮಸ್ಕಾರ, ನಾನು ಅಮೆರಿಕದ ಯೂಟಾದಲ್ಲಿದ್ದೇನೆ, ಊರು ತುಮಕೂರು ಕಡೆ. ಇಲ್ಲಿ ಮೊಆಬ್ ಸುತ್ತಮುತ್ತ ಮರಳುಗಲ್ಲು. ಸ್ಲಿಕ್‌ರಾಕ್ ಅಂತ ಹೆಸರು, ಹಿಂದೆ ಕುದುರೆ ಲಾಳ ಜಾರುತ್ತಿದ್ದದ್ದಕ್ಕೆ ಆ ಹೆಸರು ಬಂತಂತೆ. ರಬ್ಬರ್ ಟೈರಿಗೆ ಮಾತ್ರ ಉಪ್ಪುಕಾಗದದ ಹಾಗೆ ಹಿಡಿತ.

ನನ್ನ ಅನುಭವದಲ್ಲಿ ಮುಂದಿನ ಶಾಕ್ ಪೂರ್ತಿ ಕೆಳಗೆ ಚಾಚಲು ಬಿಡಬೇಡಿ. ಏರಿನಲ್ಲಿ ಮುಂದಿನ ಭಾರ ಹೋದ ಕೂಡಲೇ ಸ್ಪ್ರಿಂಗ್ ಚಾಚಿಕೊಂಡು ಚಾಸಿಸ್ಸಿನ ಮೂತಿಯನ್ನು ಮೇಲಕ್ಕೆ ತಳ್ಳುತ್ತದೆ. ಮೂತಿ ಎದ್ದರೆ ಭಾರ ಇನ್ನೂ ಹಿಂದಕ್ಕೆ. ನಾನು ಪಿಸ್ಟನ್ ಕೆಳಗೆ ಕಡ್ಡಿಗೆ 5 ಮಿಮೀ ಸಿಲಿಕಾನ್ ಟ್ಯೂಬಿನ ತುಂಡು ಸೇರಿಸಿದ್ದೇನೆ. ಅದಕ್ಕಿಂತ ಕೆಳಗೆ ಚಾಚುವುದಿಲ್ಲ.

ಕೋಲಾರ_ಕಲ್ಲು

ಅಣ್ಣ, ನಿಮ್ಮ ಬಂಡೆ ಅಲೆ ಅಲೆಯಾಗಿ ಇರುತ್ತದೆ, ಹಿಡಿತವೂ ಜಾಸ್ತಿ. ನಮ್ಮ ಕಡೆ ಗುಂಡು, ಸಂದು, ತಗ್ಗು. ಮುಂದಿನ ಚಕ್ರ ಚಾಚದಿದ್ದರೆ ತಗ್ಗಿಗೆ ಇಳಿಯುವುದು ಹೇಗೆ? ಹಾಸುಬಂಡೆ ಅವರ ತೊಂದರೆಯೇ ಅದು.

ಮೊಆಬ್_ಕನ್ನಡಿಗ

ಅದೂ ನಿಜ. ನಾನು ನೆಟ್ಟಗಿನ ಏರನ್ನು ಯೋಚಿಸುತ್ತಿದ್ದೆ. ತಗ್ಗು ಇರುವ ಕಡೆ ಟ್ಯೂಬ್ ತುಂಡು 2 ಮಿಮೀ ಇದ್ದರೆ ಸಾಕು, ಅಥವಾ ಬೇಡವೇ ಬೇಡ. ಮೆತ್ತನೆ ಸ್ಪ್ರಿಂಗ್ ಹಾಕಿ ಸ್ಯಾಗ್ ಅರ್ಧಕ್ಕೆ ತಂದರೆ, ಚಾಚಿದಾಗ ಸ್ಪ್ರಿಂಗ್ ತಳ್ಳುವ ಬಲವೂ ಕಡಿಮೆ ಇರುತ್ತದೆ, ಮೂತಿ ಅಷ್ಟು ಏಳುವುದಿಲ್ಲ.

ಮಂಡ್ಯ_ಗಾಡಿ

ಒಂದು ವಿನಂತಿ. ಬಂಡೆ ಕಂಡಲ್ಲೆಲ್ಲ ಗಾಡಿ ಇಳಿಸಬೇಡಿ. ಹಂಪಿಯ ಸ್ಮಾರಕಗಳು 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ, ಅಲ್ಲಿನ ಕಲ್ಲಿನ ಮೆಟ್ಟಿಲು, ಮಂಟಪಗಳ ಮೇಲೆ ಬೇಡವೇ ಬೇಡ. ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವಾಗಿದೆ. ಹದ್ದುಗಳು ಗೂಡು ಕಟ್ಟುವುದೇ ಆ ಬಂಡೆಗಳಲ್ಲಿ. ಮೋಟರ್ ಸದ್ದು ಸಣ್ಣದೇ ಇರಬಹುದು, ನಾವು ಹತ್ತು ಜನ ಸೇರಿದರೆ ಗಲಾಟೆ ಆಗಿಯೇ ಆಗುತ್ತದೆ. ಕೇಳಿದರೆ ಒಪ್ಪುವ ತೋಟದವರು ಬೇಕಾದಷ್ಟು ಜನ ಇದ್ದಾರೆ.

ಮಳೆಗಾಲದಲ್ಲಿ ಬಂಡೆ ಮೇಲೆ ಕಪ್ಪು ಪಾಚಿ ಇರುವಾಗ ಯಾವ ಸೆಟ್ಟಿಂಗನ್ನೂ ತೂಗಿ ನೋಡಬೇಡಿ. ಅಲ್ಲಿ ಜಾರಿದರೆ ಶಾಕ್‌ನ ತಪ್ಪಲ್ಲ.

ಎಣ್ಣೆಶಾಕ್

ಶಾಕ್ ತುಂಬುವುದನ್ನು ಬರೆದುಬಿಡುತ್ತೇನೆ, ಹಾಸುಬಂಡೆ ಅವರು ಹೇಗೂ ಎಣ್ಣೆ ಬದಲಿಸುತ್ತಾರೆ.

30 ವೆಯ್ಟ್ ಅಂದರೆ ಸುಮಾರು 350 ಸಿಎಸ್‌ಟಿ (ಸೆಂಟಿಸ್ಟೋಕ್ಸ್, ಇದೂ ಎಣ್ಣೆಯ ದಪ್ಪದ ಅಳತೆ), 40 ಅಂದರೆ ಸುಮಾರು 500. ಕಂಪನಿಯಿಂದ ಕಂಪನಿಗೆ ವೆಯ್ಟ್ ಅಳತೆ ಹೊಂದುವುದಿಲ್ಲ, ಬಾಟಲಿ ಮೇಲೆ ಸಿಎಸ್‌ಟಿ ಇದ್ದರೆ ಅದನ್ನೇ ನೋಡಿ. ಸಿಲಿಕಾನ್ ಎಣ್ಣೆಯೇ ಆಗಬೇಕು. ಬೈಕಿನ ಫೋರ್ಕ್ ಆಯಿಲ್, ಎಂಜಿನ್ ಆಯಿಲ್ ಹಾಕಿದರೆ ಸಿಲಿಕಾನ್ ಓ-ರಿಂಗ್ ಉಬ್ಬಿ ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ.

ಕಡ್ಡಿಯನ್ನು ಪೂರ್ತಿ ಕೆಳಗೆ ಎಳೆದು ಎಣ್ಣೆ ಸುರಿಯಿರಿ. ಮೆಲ್ಲಗೆ ನಾಲ್ಕೈದು ಸಲ ಮೇಲೆ ಕೆಳಗೆ ಆಡಿಸಿ. ಪಿಸ್ಟನ್ ತೂತಿನಿಂದ ಗುಳ್ಳೆಗಳು ಸಾಸಿವೆ ಕಾಳಿನ ಹಾಗೆ ಮೇಲೆ ಬರುತ್ತವೆ. ಅವು ಒಡೆಯುವ ತನಕ ಹತ್ತು ನಿಮಿಷ ನಿಲ್ಲಿಸಿ. ಆಮೇಲೆ ಕಡ್ಡಿಯನ್ನು ಪೂರ್ತಿ ಒಳಗೆ ಒತ್ತಿ. ಉಕ್ಕಿದ ಎಣ್ಣೆ ಒರೆಸಿ, ಒತ್ತಿ ಹಿಡಿದೇ ಮುಚ್ಚಳ ಬಿಗಿಯಿರಿ. ಕಡ್ಡಿ ಒಳಗೆ ಬಂದಾಗ ಅದಕ್ಕೂ ಜಾಗ ಬೇಕಲ್ಲ. ಕಡ್ಡಿ ಹೊರಗಿರುವಾಗ ಗಂಟಲ ತನಕ ತುಂಬಿ ಮುಚ್ಚಿದರೆ ಶಾಕ್ ಅರ್ಧಕ್ಕೇ ಕಲ್ಲಾಗುತ್ತದೆ. ನಾಲ್ಕನ್ನೂ ಸ್ಪ್ರಿಂಗ್ ಇಲ್ಲದೆ ಕೈಯಲ್ಲಿ ಒತ್ತಿ ನೋಡಿ. ನಾಲ್ಕೂ ಒಂದೇ ಥರ ಇರಬೇಕು.

ಮಂಡ್ಯ_ಗಾಡಿ

ಟೈರ್ ಮರೆಯಬೇಡಿ. ಕಲ್ಲಿಗೆ ಮೊದಲು ಬಗ್ಗುವುದು ಟೈರ್, ಶಾಕ್ ಆಮೇಲೆ. ಒಳಗಿನ ಫೋಮ್ ಗಟ್ಟಿ ಇದ್ದರೆ ಸ್ಪ್ರಿಂಗ್ ಎಷ್ಟು ಮೆತ್ತಗಿದ್ದರೂ ವ್ಯರ್ಥ. ಹೆಬ್ಬೆರಳಲ್ಲಿ ಒತ್ತಿದರೆ ಬಿಸಿ ಮುದ್ದೆ ಒತ್ತಿದ ಹಾಗೆ ಬಗ್ಗಬೇಕು. ಮುದ್ದೆಗೆ ಇಲ್ಲದ ಗುಣ ಒಂದು ಇರಬೇಕು, ಬಿಟ್ಟ ಕೂಡಲೇ ವಾಪಸ್ ಬರಬೇಕು. ಅಡ್ಡ ಇಳಿಜಾರಿಗೆ ಒಳಪದರ ಗಟ್ಟಿ, ಹೊರಪದರ ಮೆತ್ತಗೆ ಇರುವ ಎರಡು ಪದರದ ಫೋಮ್ ಒಳ್ಳೆಯದು.

ಹಾಸುಬಂಡೆ

ಎರಡು ವಾರ ಆಯಿತು, ಕ್ಷಮಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಸಲ ಬಂಡೆ ಹತ್ತಿಸಿ ನೋಡುತ್ತಿದ್ದೆ.

ಮೊದಲ ದಿನ ಕಾಲರ್ ಮಾತ್ರ ಸಮ ಮಾಡಿದೆ. ಬಲ ಚಕ್ರ ಸ್ವಲ್ಪ ಇಳಿಯಿತು, ತಳ ಮುಟ್ಟಲಿಲ್ಲ. ಥ್ರಾಟಲ್‌ಗೆ ಹಳೆ ತಿರುಚು ವಾಪಸ್ ಬಂತು.

ಆಮೇಲೆ ತೂಕ. ಹಿಂದಿನ ಆಕ್ಸಲ್‌ನ 120 ಗ್ರಾಂ ಹಿತ್ತಾಳೆ ತೆಗೆದೆ. ಬ್ಯಾಟರಿ ಹಿಂದಿನ ತಟ್ಟೆಯಲ್ಲಿತ್ತು, ಮುಂದಿನ ಆಕ್ಸಲ್ ಹತ್ತಿರ ಕೆಳಗೆ ಕೂರಿಸಲು ಒಂದು ಅಲ್ಯುಮಿನಿಯಂ ಪಟ್ಟಿ ಬಗ್ಗಿಸಿ ತಟ್ಟೆ ಮಾಡಿದೆ. ಮುಂದಿನ ಚಕ್ರ ಆಚೀಚೆ ತಿರುಗಿಸುವ ಗೆಣ್ಣುಗಳಿಗೆ ಒಟ್ಟು 110 ಗ್ರಾಂ ಹಿತ್ತಾಳೆ. ಇದೊಂದರಲ್ಲೇ ಗಾಡಿ ಬೇರೆ ಗಾಡಿಯಾಯಿತು. ಓಲಾಡುವುದು ನಿಂತಿತು.

ಮೂರನೆಯದು ಸ್ಪ್ರಿಂಗ್. ಮುಂದೆ 10 ಮಿಮೀಗೆ 250 ಗ್ರಾಂ ಕೇಳುವುದು, ಹಿಂದೆ 300. ಸ್ಯಾಗ್ ಈಗ ಮುಂದೆ 15, ಹಿಂದೆ 10 ಮಿಮೀ. ಗಾಡಿ ಕೆಳಗೆ ಕೂತಿತು. ಎಣ್ಣೆ ವಾಪಸ್ 30ಕ್ಕೆ ತಂದೆ. ಗುಳ್ಳೆ ಒಡೆಯುವ ತನಕ ನಿಜವಾಗಿ ಹತ್ತು ನಿಮಿಷ ಕಾದೆ. ಹಿಂದೆ ಒಂದು ನಿಮಿಷವೂ ಕಾದಿರಲಿಲ್ಲ.

ಈಗಿನ ತೂಕ: ಮುಂದಿನ ಎಡ 792, ಬಲ 798. ಹಿಂದಿನ ಎಡ 628, ಬಲ 632. ಮೂಲೆ ಲೆಕ್ಕ 1424 ಮತ್ತು 1426. ಹಲಗೆ ಪರೀಕ್ಷೆಯಲ್ಲಿ 53 ಡಿಗ್ರಿ, ಅಂದರೆ ಭಾರದ ಕೇಂದ್ರ 87 ಮಿಮೀ ಹತ್ತಿರ ಬಂತು.

ಉಳಿದದ್ದು ಒಂದು. ಅಂಚಿನ ಹತ್ತಿರ ಥ್ರಾಟಲ್ ಕೊಟ್ಟರೆ ಹಿಂದಿನ ಚಕ್ರಗಳು ಟಕ ಟಕ ಅಂತ ಕುಪ್ಪಳಿಸುತ್ತವೆ.

ಎಣ್ಣೆಶಾಕ್

ಅಂಕಿ ನೋಡಿ ಖುಷಿಯಾಯಿತು. 45 ಡಿಗ್ರಿಯಲ್ಲಿ ಮುಂದೆ ಈಗ ನೂರರಲ್ಲಿ 28 ಭಾಗ ಉಳಿಯುತ್ತದೆ, ಮೊದಲು 16 ಇತ್ತು. ಹಿಂದಕ್ಕೆ ಮಗುಚುವ ಕೋನ 56ರಿಂದ 63 ದಾಟಿದೆ.

ಕುಪ್ಪಳಿಕೆ ಲಿಂಕ್‌ಗಳ ವಿಷಯ. ಪಕ್ಕದಿಂದ ನೋಡಿ. ಹಿಂದಿನ ಮೇಲಿನ ಲಿಂಕ್, ಕೆಳಗಿನ ಲಿಂಕ್ ಎರಡನ್ನೂ ಮುಂದಕ್ಕೆ ಗೆರೆ ಎಳೆದ ಹಾಗೆ ಊಹಿಸಿಕೊಳ್ಳಿ. ಅವು ಬಹಳ ಹತ್ತಿರದಲ್ಲೇ ಕೂಡಿದರೆ ಥ್ರಾಟಲ್ ಕೊಟ್ಟಾಗ ಲಿಂಕ್‌ಗಳೇ ಚಾಸಿಸ್ಸನ್ನು ಎತ್ತುತ್ತವೆ. ಚಕ್ರ ನೆಲಕ್ಕೆ ಗುದ್ದುತ್ತದೆ, ಹಿಡಿತ ಬಿಡುತ್ತದೆ, ಮತ್ತೆ ಗುದ್ದುತ್ತದೆ. ಮೇಲಿನ ಲಿಂಕ್‌ನ ಚಾಸಿಸ್ ಕಡೆಯ ತುದಿಯನ್ನು ಒಂದು ತೂತು ಮೇಲಕ್ಕೆ ಹಾಕಿ. ಎಡಬಲ ಎರಡನ್ನೂ. ಗೆರೆಗಳು ದೂರದಲ್ಲಿ ಕೂಡುತ್ತವೆ. ಹಾಕಿದ ಮೇಲೆ ಶಾಫ್ಟ್ ಎಲ್ಲೂ ಹಿಡಿಯುವುದಿಲ್ಲ ಅಂತ ಆಕ್ಸಲ್ ಪೂರ್ತಿ ಆಡಿಸಿ ನೋಡಿ.

ಕೋಲಾರ_ಕಲ್ಲು

ಅಣ್ಣ, ತಗ್ಗಿನ ವಿಷಯ ಹೇಳಲೇ ಇಲ್ಲ. ಬಲ ಚಕ್ರ ಇಳಿಯುತ್ತಾ ಈಗ?

ಹಾಸುಬಂಡೆ

ಲಿಂಕ್ ಒಂದು ತೂತು ಮೇಲೆ ಹಾಕಿ ಇವತ್ತು ಬೆಳಿಗ್ಗೆ ಆರೂವರೆಗೇ ಹೋಗಿದ್ದೆ, ಬಂಡೆ ಕಾಯುವ ಮೊದಲು. ಮಾವನೂ ಕಾಫಿ ಲೋಟ ಹಿಡಿದು ಬಂದು ನಿಂತರು. ಮುಂದಿನ ಟೈರ್‌ಗಳಿಗೆ ಸೀಮೆಸುಣ್ಣ ತಿಕ್ಕಿ ಬಿಟ್ಟೆ.

ತಗ್ಗಿನ ಅಂಚಿಗೆ ಬಂದಾಗ ಥ್ರಾಟಲ್ ಪೂರ್ತಿ ಬಿಟ್ಟೆ. ಬಲ ಚಕ್ರ ಮೆಲ್ಲಗೆ ಇಳಿಯಿತು, ಚಾಸಿಸ್ ಅಲ್ಲಾಡಲಿಲ್ಲ. ಟೈರ್ ಬಗ್ಗಿ ಕಲ್ಲಿನ ಆಕಾರಕ್ಕೆ ಕೂತದ್ದು ಕಂಡಿತು. ಆಮೇಲೆ ಥ್ರಾಟಲ್ ಕೊಟ್ಟೆ. ಸ್ವಲ್ಪ ಬಲಕ್ಕೆ ವಾಲಿತು, ಎಡ ಚಕ್ರ ಅಂಚು ಬಿಡಲಿಲ್ಲ. ಹತ್ತಿತು. ಇಳಿಸಿ ಮತ್ತೆ ಹತ್ತಿಸಿದೆ, ಐದು ಸಲದಲ್ಲಿ ನಾಲ್ಕು ಸಲ ಹತ್ತಿತು. ತಪ್ಪಿದ ಸಲ ನಾನು ಸ್ಟಿಯರಿಂಗ್ ಬೇಗ ತಿರುಗಿಸಿದ್ದೆ.

ಒರೆಸಲು ಒದ್ದೆ ಬಟ್ಟೆ ಹಿಡಿದು ಹೋಗಿ ಬಗ್ಗಿ ನೋಡಿದೆ. ತಗ್ಗಿನ ತಳದಲ್ಲಿ ಬಿಳಿ ಗುರುತು ಇತ್ತು, ಟೈರಿನ ಮೂರು ಗುಬುಟು ಎಣಿಸುವ ಹಾಗೆ. ಮೊದಲು ಫೋಟೋ ತೆಗೆದೆ, ಆಮೇಲೆ ಒರೆಸಿದೆ.